ಚಿಕ್ಕಮಗಳೂರು, ಹಾಸನದ ರಕ್ಷಿತ ಮತ್ತು ಅಪಾಯದಲ್ಲಿರುವ ಜೀವಿಗಳ ದಾಖಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಕಾನೂನಿನ ರಕ್ಷಣೆ ಇರುವ, ಇಲ್ಲವೇ ಇನ್ನು ಕೆಲವು ವರ್ಷಕ್ಕೆ ಕಾಣದೇ ಹೋಗಬಹುದಾದ ಪ್ರಾಣಿ, ಹಕ್ಕಿ, ಕಪ್ಪೆ, ಮೀನು, ಗಿಡಮರಗಳ ದಾಖಲೆಯನ್ನು ಒಂದೇ ಕಡೆ ಕೂಡಿಸುವ ಕೆಲಸ ಇದು. ತೋಟದವರು, ಮೇಷ್ಟ್ರುಗಳು, ಕಾಲೇಜು ಹುಡುಗರು, ಕಾಡಿನ ವಾಚರ್‌ಗಳು, ಹಕ್ಕಿ ನೋಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಮೊದಲಿಂದ ಕೊನೆವರೆಗೂ ಓದಬೇಕೆಂದೇನಿಲ್ಲ, ಬೇಕಾದ್ದನ್ನು ನೋಡಿಕೊಳ್ಳಿ. ಆದರೆ ಜಾಗವನ್ನು ಗುಟ್ಟಾಗಿಡುವ ಬಗ್ಗೆ ಇರುವ ಉತ್ತರವನ್ನು ದಯವಿಟ್ಟು ಎಲ್ಲರೂ ಓದಿ.

ಇಂಥ ಪಟ್ಟಿ ಸರ್ಕಾರದ ಹತ್ತಿರ ಇಲ್ವಾ? ಮತ್ತೆ ನಾವ್ಯಾಕೆ ಮಾಡಬೇಕು?

ಇದೆ. ಒಂದಲ್ಲ, ಹಲವು ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅದರದೇ ಶೆಡ್ಯೂಲುಗಳಿವೆ, ಅಂದರೆ ಕಾಯ್ದೆಯ ಕೊನೆಗೆ ಸೇರಿಸಿದ ಜೀವಿಗಳ ಪಟ್ಟಿಗಳು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್, ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಹೇಳುವ ಕೆಂಪು ಪಟ್ಟಿಯನ್ನು 1964ರಿಂದ ನಡೆಸಿಕೊಂಡು ಬಂದಿದೆ. ದೇಶದಿಂದ ದೇಶಕ್ಕೆ ನಡೆಯುವ ವ್ಯಾಪಾರವನ್ನು ಹಿಡಿತದಲ್ಲಿಡಲು ಸೈಟಿಸ್ ಒಪ್ಪಂದದ ಪಟ್ಟಿಯಿದೆ, ಭಾರತ ಅದಕ್ಕೆ 1976ರಲ್ಲೇ ಸೇರಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು.

ಆದರೆ ಇವುಗಳಲ್ಲಿ ಒಂದೂ ನಿಮ್ಮೂರಿನ ಹಳ್ಳದ ಬಗ್ಗೆ ಹೇಳುವುದಿಲ್ಲ. ಸಿಂಗಳೀಕ ಪಶ್ಚಿಮ ಘಟ್ಟದ ಪ್ರಾಣಿ, ಅಳಿವಿನ ಅಂಚಿನಲ್ಲಿದೆ ಎಂದು ಜಗತ್ತಿನ ಪಟ್ಟಿ ಹೇಳುತ್ತದೆ. ಕುದುರೆಮುಖದ ಕಡೆ ಯಾವ ಕಾಡಿನ ತುಂಡಿನಲ್ಲಿ ಈ ವರ್ಷ ಮರಿ ಹೊತ್ತ ಗುಂಪು ಕಂಡಿತು, ಯಾರು ಕಂಡರು, ಹೋದ ವರ್ಷವೂ ಅಲ್ಲೇ ಇತ್ತಾ ಅಂತ ಹೇಳಬೇಕಾದವರು ಇಲ್ಲಿಯವರೇ. ನಾಳೆ ಒಂದು ರಸ್ತೆ ಅಗಲ ಮಾಡುತ್ತಾರೆ, ಒಂದು ಹೊಳೆಗೆ ಕಟ್ಟೆ ಹಾಕುತ್ತಾರೆ, ಒಂದು ಗುಡ್ಡದ ತಲೆಯ ಮೇಲೆ ರೆಸಾರ್ಟ್ ಬರುತ್ತದೆ ಅನ್ನಿ. ಆಗ ಯಾವುದೋ ವರದಿಯಲ್ಲಿ ಇಲ್ಲಿ ಅಪರೂಪದ ಜೀವಿ ಯಾವುದೂ ಇಲ್ಲ ಎಂದು ಒಂದು ಸಾಲು ಬರೆದುಬಿಟ್ಟರೆ, ಇದೆ ಅಂತ ತೋರಿಸಲು ತಾರೀಖು, ಜಾಗ, ಸಾಕ್ಷಿ ಇರುವ ದಾಖಲೆ ನಮ್ಮ ಕೈಯಲ್ಲಿರಬೇಕು. ಬಾಯಿಮಾತು ಅಲ್ಲಿ ನಿಲ್ಲುವುದಿಲ್ಲ.

ರಕ್ಷಿತ ಅಂದರೂ ಅಪಾಯದಲ್ಲಿರುವ ಅಂದರೂ ಒಂದೇ ಅಲ್ವಾ?

ಅಲ್ಲ. ಈ ಗೊಂದಲ ತುಂಬಾ ಜನಕ್ಕಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ರಕ್ಷಿತ ಎನ್ನುವುದು ಕಾನೂನಿನ ಮಾತು. ಕಾಯ್ದೆಯ ಶೆಡ್ಯೂಲಿನಲ್ಲಿ ಹೆಸರಿದ್ದರೆ ಅದು ರಕ್ಷಿತ, ಅಷ್ಟೇ. ಅಪಾಯದಲ್ಲಿದೆ ಎನ್ನುವುದು ವಿಜ್ಞಾನದ ಅಂದಾಜು. ಸಂಖ್ಯೆ ಎಷ್ಟು ಇಳಿದಿದೆ, ಎಷ್ಟು ಜಾಗದಲ್ಲಿ ಉಳಿದಿದೆ, ಇನ್ನೂ ಇಳಿಯುತ್ತಿದೆಯಾ ಎಂದು ಲೆಕ್ಕ ಹಾಕಿ ಐಯುಸಿಎನ್ ಒಂದು ದರ್ಜೆ ಕೊಡುತ್ತದೆ. ಕಡಿಮೆ ಅಪಾಯದಿಂದ ಹೆಚ್ಚಿನ ಅಪಾಯದ ಕಡೆಗೆ ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್ ಎಂಬ ಮೂರು ದರ್ಜೆಗಳಲ್ಲಿ ಇರುವವನ್ನು ಮಾತ್ರ ಅಪಾಯದಲ್ಲಿವೆ ಎನ್ನುತ್ತಾರೆ. ಮಾಹಿತಿ ಸಾಲದು ಎಂಬ ದರ್ಜೆಯೂ ಒಂದಿದೆ. ಅದರಲ್ಲಿ ಬಿದ್ದ ಜೀವಿ ಕ್ಷೇಮವಾಗಿದೆ ಅಂತ ಅರ್ಥ ಅಲ್ಲ, ಯಾರೂ ಸರಿಯಾಗಿ ನೋಡಿಲ್ಲ ಅಂತ ಅರ್ಥ.

ನವಿಲನ್ನೇ ತೆಗೆದುಕೊಳ್ಳಿ. ಮೊದಲ ಶೆಡ್ಯೂಲಿನಲ್ಲಿದೆ, ಮುಟ್ಟಿದರೆ ಜೈಲು. ಆದರೆ ಕೆಂಪು ಪಟ್ಟಿಯ ಪ್ರಕಾರ ಅದಕ್ಕೆ ಸದ್ಯ ಚಿಂತೆಯಿಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ ಕೃಷ್ಣಮೃಗವೂ ಹಾಗೇ. ಕಾನೂನಿನಲ್ಲಿ ಅತಿ ಹೆಚ್ಚಿನ ರಕ್ಷಣೆ, ಜಗತ್ತಿನ ಲೆಕ್ಕದಲ್ಲಿ ಚಿಂತೆಯಿಲ್ಲದ ದರ್ಜೆ. ಇನ್ನೊಂದು ಕಡೆ ನಮ್ಮ ತೋಟಗಳ ಬೀಟೆ ಮರ ನೋಡಿ. ಅದು ವಲ್ನರಬಲ್. ಅದನ್ನು ಕಾಯುವುದು ಮರ ಕಡಿಯುವುದಕ್ಕೆ ಸಂಬಂಧಪಟ್ಟ ರಾಜ್ಯದ ನಿಯಮಗಳು. ಅದರ ಜೊತೆಗೆ 2017ರಿಂದ ಅದು ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ, ಅಂದರೆ ಹೊರದೇಶಕ್ಕೆ ಮಾರಲು ಪರವಾನಗಿ ಬೇಕು. ಅಶೋಕದ ಮರ, ಶ್ರೀಗಂಧ ಇವೂ ವಲ್ನರಬಲ್.

ಹಾಗಾಗಿ ನಮ್ಮ ದಾಖಲೆಯಲ್ಲಿ ಕಾನೂನಿಗೆ ಒಂದು ಕಾಲಂ, ಕೆಂಪು ಪಟ್ಟಿಗೆ ಒಂದು ಕಾಲಂ, ಸೈಟಿಸ್‌ಗೆ ಇನ್ನೊಂದು. ಮೂರನ್ನೂ ಸೇರಿಸಿ ಅಪರೂಪ ಅಂತ ಒಂದೇ ಮಾತು ಬರೆದರೆ ಆ ಸಾಲು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಆನೆ ನಮ್ಮ ತೋಟಕ್ಕೆ ದಿನಾ ಬರುತ್ತೆ. ಅದು ಅಳಿವಿನ ಅಂಚಿನಲ್ಲಿದೆ ಅಂದ್ರೆ ಹೇಗೆ ನಂಬೋದು?

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರು ಈ ಪ್ರಶ್ನೆ ಕೇಳಿದಾಗ ಅದರಲ್ಲಿ ಸಿಟ್ಟೂ ಇರುತ್ತದೆ, ನೋವೂ ಇರುತ್ತದೆ. ಜೀವ ಕಳೆದುಕೊಂಡ ಮನೆಗಳಿವೆ. ಅದನ್ನು ಮರೆತು ಯಾರೂ ಪಟ್ಟಿ ಮಾಡಬಾರದು.

ಉತ್ತರ ಇಷ್ಟು. ಕೆಂಪು ಪಟ್ಟಿಯ ದರ್ಜೆ ಇಡೀ ಏಷ್ಯಾದ ಲೆಕ್ಕ. ಹಿಂದಿನ ಮೂರು ತಲೆಮಾರಿನಲ್ಲಿ, ಅಂದರೆ ಸುಮಾರು 60-75 ವರ್ಷಗಳಲ್ಲಿ, ಏಷ್ಯಾದ ಆನೆಗಳು ಕನಿಷ್ಠ ಅರ್ಧದಷ್ಟು ಕಡಿಮೆಯಾಗಿವೆ ಎಂಬ ಅಂದಾಜಿನ ಮೇಲೆ ಎಂಡೇಂಜರ್ಡ್ ಎಂದಿದ್ದಾರೆ. ಕಾಡು ತುಂಡು ತುಂಡಾದಾಗ ಉಳಿದ ಆನೆಗಳು ತೋಟದಲ್ಲೇ ಓಡಾಡುತ್ತವೆ, ನಮ್ಮ ಕಣ್ಣಿಗೆ ಜಾಸ್ತಿ ಬೀಳುತ್ತವೆ. ಜಾಸ್ತಿ ಕಾಣುವುದು ಬೇರೆ, ಜಾಸ್ತಿ ಇರುವುದು ಬೇರೆ. ನೀವು ದಿನಾ ನೋಡುತ್ತೀರಿ ಅಂದರೆ ನಿಮ್ಮ ದಾಖಲೆ ಇನ್ನೂ ಮುಖ್ಯ. ಯಾವ ತಿಂಗಳು, ಎಷ್ಟು ಹೊತ್ತಿಗೆ, ಒಂಟಿಯೋ ಗುಂಪೋ, ಮರಿ ಇತ್ತಾ, ಯಾವ ಕಡೆಯಿಂದ ಬಂದು ಯಾವ ಕಡೆ ಹೋಯಿತು ಅಂತ ಬರೆದಿಟ್ಟರೆ ಆನೆಗೂ, ತೋಟದ ಕೆಲಸಕ್ಕೆ ಬರುವ ಜನರಿಗೂ ಅದರಿಂದ ಉಪಯೋಗವಿದೆ. ಬೆಳೆ ಪರಿಹಾರದ ಅರ್ಜಿ ಮಾತ್ರ ಇಲಾಖೆಗೇ ಕೊಡಬೇಕು, ಈ ದಾಖಲೆ ಅದರ ಬದಲಿಗೆ ಅಲ್ಲ.

ಒಂದು ದಾಖಲೆಯಲ್ಲಿ ಏನೇನು ಇರಬೇಕು?

ಏನು, ಎಲ್ಲಿ, ಯಾವಾಗ, ಯಾರು, ಸಾಕ್ಷಿ ಏನು. ಈ ಐದು ಇಲ್ಲದ ಸಾಲನ್ನು ನಾವು ಮುಖ್ಯ ಪಟ್ಟಿಗೆ ಸೇರಿಸುವುದಿಲ್ಲ, ಪಕ್ಕಕ್ಕಿಟ್ಟು ಕಳಿಸಿದವರನ್ನು ಮತ್ತೆ ಕೇಳುತ್ತೇವೆ.

ಜಾಗದ ವಿಷಯದಲ್ಲೇ ಜಾಸ್ತಿ ತೊಂದರೆ. ಚಾರ್ಮಾಡಿ ಘಾಟಿ ಅಂತ ಬರೆದರೆ ಸಾಲದು, ಘಾಟಿ ಎಷ್ಟು ಉದ್ದ ಇದೆ ಅಲ್ವಾ. ಮೊಬೈಲಿನ ಜಿಪಿಎಸ್ ತೋರಿಸುವ ಅಕ್ಷಾಂಶ, ರೇಖಾಂಶ ಬರೆಯಿರಿ. ದಶಾಂಶದ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್‌ವರೆಗೆ ಜಾಗ ತಿಳಿಯುತ್ತದೆ, ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರ್ ಆಚೀಚೆ. ದಟ್ಟ ಕಾಡಿನಲ್ಲಿ, ಕಣಿವೆಯಲ್ಲಿ ಜಿಪಿಎಸ್ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಎಷ್ಟು ಮೀಟರ್ ಹೆಚ್ಚುಕಡಿಮೆ ಇರಬಹುದು ಎನ್ನುವುದನ್ನೂ ಬರೆಯಿರಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಅಕ್ಷಾಂಶ 12 ಅಥವಾ 13ರಿಂದ, ರೇಖಾಂಶ 75 ಅಥವಾ 76ರಿಂದ ಶುರುವಾಗುತ್ತದೆ. ಎರಡನ್ನೂ ಅದಲು ಬದಲು ಬರೆದರೆ ನಿಮ್ಮ ಕಾಟಿ (ಕಾಡುಕೋಣ) ಆರ್ಕ್ಟಿಕ್ ಸಮುದ್ರದ ಮಧ್ಯೆ ನಿಂತಿರುತ್ತದೆ. ಕಳಿಸುವ ಮೊದಲು ಒಮ್ಮೆ ನಕ್ಷೆಯಲ್ಲಿ ಹಾಕಿ ನೋಡಿ.

ತಾರೀಖನ್ನು 2024-06-09 ಹೀಗೆ ಬರೆಯಿರಿ, ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. 09/06 ಅಂತ ಬರೆದರೆ ಜೂನ್ 9 ಅಂತ ನೀವು ಅಂದುಕೊಂಡಿರುತ್ತೀರಿ, ಕಂಪ್ಯೂಟರ್ ಸೆಪ್ಟೆಂಬರ್ 6 ಅಂದುಕೊಳ್ಳಬಹುದು. ಮಳೆಗಾಲದ ಕಪ್ಪೆಯ ದಾಖಲೆಯಲ್ಲಿ ಮೂರು ತಿಂಗಳು ಹಿಂದೆ ಮುಂದೆ ಆದರೆ ಆ ದಾಖಲೆ ಹಾಳಾದಂತೆ.

ಸಾಕ್ಷಿಗೆ ದರ್ಜೆಗಳಿವೆ. ಫೋಟೋ, ಕೂಗಿನ ಧ್ವನಿಮುದ್ರಣ, ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಚಿತ್ರ ಒಂದು ಮಟ್ಟ. ಹೆಜ್ಜೆ, ಹಿಕ್ಕೆ, ಕೂದಲು ಇನ್ನೊಂದು. ಬಲ್ಲವರು ಕಣ್ಣಾರೆ ಕಂಡದ್ದು ಮತ್ತೊಂದು. ಹಿರಿಯರು ಹೇಳಿದ್ದನ್ನೂ ಬರೆಯುತ್ತೇವೆ, ಆದರೆ ಅದಕ್ಕೆ ಅದರದೇ ದರ್ಜೆ. ರಸ್ತೆಯಲ್ಲಿ ಸತ್ತು ಬಿದ್ದದ್ದೂ ದಾಖಲೆಯೇ, ಅದನ್ನು ಕಳಿಸಲು ಮುಜುಗರಪಡಬೇಡಿ. ಜೀವಿ ಎಷ್ಟು ಅಪರೂಪವೋ ಸಾಕ್ಷಿ ಅಷ್ಟು ಗಟ್ಟಿಯಾಗಿರಬೇಕು. ಮಲಬಾರ್ ಪುನುಗು ಬೆಕ್ಕನ್ನು ಕಂಡೆವು ಎಂದು ಹೇಳುವವರಿದ್ದಾರೆ. ಅದು ಕ್ರಿಟಿಕಲಿ ಎಂಡೇಂಜರ್ಡ್ ಪ್ರಾಣಿ, ಹಲವು ದಶಕಗಳಿಂದ ಖಚಿತ ದಾಖಲೆಯೇ ಇಲ್ಲ. ನಮ್ಮ ಕಡೆ ಸಾಮಾನ್ಯವಾಗಿರುವ ಸಣ್ಣ ಪುನುಗು ಬೆಕ್ಕನ್ನು ರಾತ್ರಿ ಗಾಡಿಯ ಬೆಳಕಿನಲ್ಲಿ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಮೈಯೆಲ್ಲಾ ಕಾಣುವ ಫೋಟೋ ಇಲ್ಲದೆ ಅದನ್ನು ಒಪ್ಪಲಾಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ನನಗೆ ವೈಜ್ಞಾನಿಕ ಹೆಸರು ಗೊತ್ತಿಲ್ಲ. ಕಳಿಸಬಹುದಾ?

ಖಂಡಿತ. ನಿಮ್ಮೂರಿನಲ್ಲಿ ಏನು ಕರೆಯುತ್ತೀರೋ ಅದನ್ನೇ ಬರೆಯಿರಿ, ತಿದ್ದಬೇಡಿ. ಕಾಟಿ, ಕಾಡುಕೋಣ, ಕಾಡೆಮ್ಮೆ ಮೂರೂ ಒಂದೇ. ಸೀಳುನಾಯಿಗೂ ಕೆನ್ನಾಯಿ, ಕಾಡುನಾಯಿ ಎಂದು ಬೇರೆ ಹೆಸರುಗಳಿವೆ. ಊರಿನ ಹೆಸರಿಗೆ ಒಂದು ಕಾಲಂ, ವೈಜ್ಞಾನಿಕ ಹೆಸರಿಗೆ ಬೇರೆ ಕಾಲಂ, ಆ ಹೆಸರು ನಿರ್ಧರಿಸಿದವರು ಯಾರು ಎನ್ನಲು ಇನ್ನೊಂದು. ಮೂರನೆಯದನ್ನು ತುಂಬಾ ಪಟ್ಟಿಗಳಲ್ಲಿ ಬಿಟ್ಟಿರುತ್ತಾರೆ. ಕಂಡವರು ಬೇರೆ, ಗುರುತಿಸಿದವರು ಬೇರೆ ಇರಬಹುದು, ಮುಂದೆ ಅನುಮಾನ ಬಂದಾಗ ಇಬ್ಬರೂ ಬೇಕು.

ಒಂದೇ ಜೀವಿಯ ವೈಜ್ಞಾನಿಕ ಹೆಸರೇ ಬದಲಾದರೆ ಹಳೇ ದಾಖಲೆ ಏನು ಮಾಡೋದು?

ಇದು ಈಗಲೇ ಆಗುತ್ತಿದೆ. ಕಾಳಿಂಗ ಸರ್ಪವನ್ನು ಇಷ್ಟು ವರ್ಷ ಇಡೀ ಏಷ್ಯಾಕ್ಕೆ ಒಂದೇ ಜಾತಿ ಎಂದು ಓಫಿಯೋಫೇಗಸ್ ಹನ್ನಾ ಅಂತ ಬರೆಯುತ್ತಿದ್ದೆವು. 2024ರಲ್ಲಿ ಅದನ್ನು ನಾಲ್ಕು ಜಾತಿಗಳಾಗಿ ಬಿಡಿಸಿದರು. ನಮ್ಮ ಪಶ್ಚಿಮ ಘಟ್ಟದ್ದು ಈಗ ಓಫಿಯೋಫೇಗಸ್ ಕಾಳಿಂಗ. ಆದರೆ ವಲ್ನರಬಲ್ ಎಂಬ ದರ್ಜೆ ಕೊಟ್ಟದ್ದು ಹಳೇ ಹೆಸರಿಗೆ, ಹಳೇ ಹರವಿಗೆ. ಹೊಸ ಹೆಸರಿಗೆ ಆ ದರ್ಜೆಯನ್ನು ಸುಮ್ನೆ ಎತ್ತಿ ಅಂಟಿಸಬಾರದು. ಯಾವ ಹೆಸರಿನ ಮೇಲೆ, ಯಾವ ವರ್ಷ ಕೊಟ್ಟ ದರ್ಜೆ ಎಂದು ಜೊತೆಗೇ ಬರೆಯಬೇಕು.

ಮೀನಿನದು ಇನ್ನೂ ದೊಡ್ಡ ಪಾಠ. ಕಾವೇರಿ ಕಣಿವೆಯ ದೊಡ್ಡ ಡುಬ್ಬದ ಮಹಸೀರ್ ಮೀನು ಜಗತ್ತಿಗೆಲ್ಲಾ ಗೊತ್ತು, ಗಾಳ ಹಾಕುವವರು ನೂರು ವರ್ಷಕ್ಕೂ ಹಿಂದಿನಿಂದ ಅದನ್ನು ಹುಡುಕಿಕೊಂಡು ಬಂದಿದ್ದಾರೆ. ಆದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರೇ ಗಟ್ಟಿಯಾಗಿರಲಿಲ್ಲ. 2018ರಲ್ಲಿ ಅದು ಟಾರ್ ರೆಮಾದೇವಿಐ ಎಂದು ಖಚಿತವಾಯಿತು. ಅದೇ ವರ್ಷ ಕ್ರಿಟಿಕಲಿ ಎಂಡೇಂಜರ್ಡ್ ಎಂದು ಕೆಂಪು ಪಟ್ಟಿಗೂ ಸೇರಿತು. ಹೆಸರು ತೀರ್ಮಾನವಾಗುವವರೆಗೆ ಯಾವ ಪಟ್ಟಿಯೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಆಗಲಿಲ್ಲ, ಅಷ್ಟರಲ್ಲಿ ಹೊಳೆಯಲ್ಲಿ ಮೀನು ಕಡಿಮೆಯಾಗುತ್ತಲೇ ಇತ್ತು. ಇದನ್ನು ನೆನೆದರೆ ಸಂಕಟವಾಗುತ್ತದೆ.

ನಾವು ಮಾಡುವುದು ಇಷ್ಟು: ಹಳೇ ಹೆಸರನ್ನು ಅಳಿಸುವುದಿಲ್ಲ. ದಾಖಲೆಯಲ್ಲಿ ಬಂದ ಹೆಸರು ಹಾಗೇ ಇರುತ್ತದೆ. ಹೆಸರುಗಳಿಗೇ ಒಂದು ಬೇರೆ ಪಟ್ಟಿ ಇಟ್ಟು, ಈ ಹಳೇ ಹೆಸರು ಈಗಿನ ಈ ಹೆಸರಿಗೆ ಸೇರುತ್ತದೆ ಎಂದು ಅಲ್ಲಿ ಜೋಡಿಸುತ್ತೇವೆ. ಒಂದು ಕಡೆ ತಿದ್ದಿದರೆ ಎಲ್ಲಾ ಕಡೆ ಸರಿಹೋಗುತ್ತದೆ.

ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಸಾಕಾ?

ಫೋಟೋ ಆಗಿ ಕಳಿಸಿದರೆ ಅದು ಚಿಕ್ಕದಾಗುತ್ತದೆ, ಒಳಗಿದ್ದ ತಾರೀಖು ಮತ್ತು ಜಾಗದ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಗುಂಪಿಗೆ ಹಾಕಬೇಡಿ, ಒಬ್ಬರಿಗೇ ಕಳಿಸಿ. ಬೇರೆ ಗುಂಪಿನಿಂದ ಬಂದ ಫಾರ್ವರ್ಡ್ ಚಿತ್ರ ಬೇಡ. ಎಲ್ಲೋ ತೆಗೆದ ಕಪ್ಪು ಚಿರತೆಯ ಒಂದೇ ಚಿತ್ರ ಹತ್ತು ಊರಿನ ಹೆಸರಿನಲ್ಲಿ ತಿರುಗುತ್ತಿರುತ್ತದೆ.

ಜಾಗವನ್ನು ಎಲ್ಲರಿಗೂ ತೋರಿಸುತ್ತೀರಾ?

ಇಲ್ಲ. ಈ ಕೆಲಸದಲ್ಲಿ ನಾವು ಅತಿ ಬಿಗಿಯಾಗಿರುವುದು ಇದೊಂದು ವಿಷಯದಲ್ಲಿ.

ಚಿಪ್ಪುಹಂದಿಯನ್ನು ಚಿಪ್ಪಿಗಾಗಿ ಹಿಡಿಯುತ್ತಾರೆ. ಅದು ಎಂಡೇಂಜರ್ಡ್, 2017ರಿಂದ ಸೈಟಿಸ್‌ನ ಅತಿ ಬಿಗಿಯಾದ ಮೊದಲ ಅನುಬಂಧದಲ್ಲಿದೆ, ಆದರೂ ಸಾಗಣೆ ನಿಂತಿಲ್ಲ. ಕಡೂರು, ಅರಸೀಕೆರೆ ಬಯಲಿನ ಮಣ್ಣುಮುಕ್ಕ ಹಾವನ್ನು ಎರಡು ತಲೆ ಹಾವು, ಮನೆಗೆ ದುಡ್ಡು ತರುತ್ತದೆ ಎಂಬ ಮೂಢನಂಬಿಕೆಗೆ ಮಾರುತ್ತಾರೆ. ಕಾಡುಪಾಪವನ್ನು ವಾಮಾಚಾರಕ್ಕೆ ಹಿಡಿಯುತ್ತಾರೆ. ನಕ್ಷತ್ರ ಆಮೆಯನ್ನು ಸಾಕಲು ಕೊಳ್ಳುತ್ತಾರೆ. ಸೀತಾಳೆ ಮುಂತಾದ ಆರ್ಕಿಡ್‌ಗಳನ್ನು ಕೊಂಬೆ ಸಮೇತ ಕಿತ್ತು ಒಯ್ಯುತ್ತಾರೆ. ಇಂಥ ಜೀವಿಯ ಪಕ್ಕಾ ಜಾಗವನ್ನು ನಾಲ್ಕು ದಶಾಂಶದ ನಿಖರತೆಯಲ್ಲಿ ಇಂಟರ್ನೆಟ್ಟಿಗೆ ಹಾಕಿದರೆ, ಕಾಪಾಡಲು ಮಾಡಿದ ಪಟ್ಟಿ ಕದಿಯುವವನ ದಾರಿ ತೋರಿಸುವ ಕೈಪಿಡಿ ಆಗುತ್ತದೆ.

ಕಳ್ಳರು ಮಾತ್ರ ಅಲ್ಲ. ಕುರಿಂಜಿ ಅರಳಿದ ವರ್ಷ ಗಿರಿ ಶ್ರೇಣಿಗೆ ಎಷ್ಟು ಗಾಡಿ ಹತ್ತುತ್ತವೆ ಅಂತ ಚಿಕ್ಕಮಗಳೂರಿನವರಿಗೆ ನಾವು ಹೇಳಬೇಕಾಗಿಲ್ಲ. ಮಂಗಟ್ಟೆ ಹಕ್ಕಿ ಗೂಡು ಮಾಡಿದ ಮರ ಎಲ್ಲಿದೆ ಎಂದು ತಿಳಿದರೆ ಮರದ ಬುಡದಲ್ಲಿ ಕ್ಯಾಮೆರಾಗಳ ಸಾಲು ನಿಲ್ಲುತ್ತದೆ. ಹೆಣ್ಣು ಹಕ್ಕಿ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮರಿ ಮಾಡುತ್ತಿರುತ್ತದೆ, ಗಂಡು ಹಕ್ಕಿ ತಿನಿಸು ತಂದು ಕೊಡದಿದ್ದರೆ ಒಳಗಿರುವವಕ್ಕೆ ಬೇರೆ ದಿಕ್ಕಿಲ್ಲ. ಜನ ಜಾಸ್ತಿಯಾದರೆ ಗಂಡು ಹತ್ತಿರ ಬರಲು ಹೆದರುತ್ತದೆ.

ಹಾಗಾಗಿ ನಾವು ಮೂರು ಮಟ್ಟ ಮಾಡಿದ್ದೇವೆ. ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ತಾಲ್ಲೂಕಿನ ಹೆಸರು ಮಾತ್ರ. ಅಧ್ಯಯನ ಮಾಡುವವರು ಕಾರಣ ಬರೆದು ಕೇಳಿದರೆ ಒಂದು ದೊಡ್ಡ ಚೌಕ. ಪಕ್ಕಾ ಜಾಗ ಮೂಲ ಕಡತದಲ್ಲಿ ಮಾತ್ರ, ಅದನ್ನು ತೆರೆಯಬಲ್ಲವರು ಕೆಲವೇ ಜನ. ಜನರು ಕಂಡ ಜೀವಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣದಲ್ಲೂ ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಎಂದು ಮಸುಕು ಮಾಡಿಯೇ ತೋರಿಸುತ್ತಾರೆ. ಅಲ್ಲಿ ಮಸುಕು ಮಾಡಿ, ಅದೇ ಫೋಟೋವನ್ನು ಫೇಸ್‌ಬುಕ್ಕಿನಲ್ಲಿ ಹಳ್ಳಿಯ ಹೆಸರು ಸಮೇತ ಹಾಕಿದರೆ ಏನು ಪ್ರಯೋಜನ?

ಹಾಗಾದರೆ ಪಕ್ಕಾ ಜಾಗ ಬರೆದಿಡುವುದೇ ಬೇಡ ಅಲ್ವಾ?

ಬರೆದಿಡಲೇಬೇಕು. ತೋರಿಸಬಾರದು ಅಷ್ಟೇ. ಕೆಂಪು ಪಟ್ಟಿಯ ಲೆಕ್ಕದಲ್ಲಿ ಒಂದು ಜೀವಿ ವಾಸವಿರುವ ವಿಸ್ತೀರ್ಣವನ್ನು 2 ಕಿಲೋಮೀಟರಿಗೆ 2 ಕಿಲೋಮೀಟರಿನ ಚೌಕ ಹಾಕಿ ಎಣಿಸುತ್ತಾರೆ. ಒಂದು ಚೌಕಕ್ಕೆ 4 ಚದರ ಕಿಲೋಮೀಟರ್. ಆ ವಿಸ್ತೀರ್ಣ 10 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು ಬೇರೆ ಲಕ್ಷಣಗಳೂ ಕೂಡಿದರೆ ಕ್ರಿಟಿಕಲಿ ಎಂಡೇಂಜರ್ಡ್, 500ಕ್ಕಿಂತ ಕಡಿಮೆಯಾದರೆ ಎಂಡೇಂಜರ್ಡ್. ಒಂದೇ ಹಳ್ಳದಲ್ಲಿ ಬದುಕುವ ಕಪ್ಪೆಗೆ ಹೊಸ ಜಾಗದ ಒಂದು ನಂಬಿಕಸ್ಥ ದಾಖಲೆ ಸೇರಿದರೂ ಲೆಕ್ಕ ಬದಲಾಗಬಹುದು. ಮಸುಕಾದ ಜಾಗದಿಂದ ಈ ಲೆಕ್ಕ ಆಗುವುದಿಲ್ಲ.

ನನ್ನ ತೋಟದಲ್ಲಿ ಇಂಥದ್ದು ಇದೆ ಅಂತ ಹೇಳಿದರೆ ನನಗೆ ತೊಂದರೆ ಆಗುತ್ತಾ?

ಕಾನೂನಿನ ರಕ್ಷಣೆ ನಮ್ಮ ಪಟ್ಟಿಯಿಂದ ಬರುವುದಲ್ಲ. ಶೆಡ್ಯೂಲಿನಲ್ಲಿರುವ ಪ್ರಾಣಿ ಕಾಡಿನಲ್ಲಿದ್ದರೂ ನಿಮ್ಮ ಕಾಫಿ ಗಿಡದ ಬುಡದಲ್ಲಿದ್ದರೂ ಈಗಾಗಲೇ ರಕ್ಷಿತವೇ. ಬೀಟೆ, ಗಂಧ ಕಡಿಯುವ ನಿಯಮಗಳೂ ಅಷ್ಟೇ, ನೀವು ಬರೆದುಕೊಟ್ಟರೂ ಕೊಡದಿದ್ದರೂ ಅವು ಇವೆ. ತೋಟದ ಹೆಸರು, ಮಾಲೀಕರ ಹೆಸರು, ಸರ್ವೆ ನಂಬರ್ ಯಾವುದನ್ನೂ ನಾವು ಹೊರಗೆ ಕೊಡುವುದಿಲ್ಲ. ನಿಮ್ಮ ಹೆಸರು ಬೇಡ ಅಂದರೆ ಅದೂ ಬೇಡ.

ನಮ್ಮ ಮನಸ್ಸಿನ ಮಾತು ಹೇಳುತ್ತೇವೆ. ಈ ಎರಡು ಜಿಲ್ಲೆಗಳಲ್ಲಿ ಕಾಡಿನ ಆಚೆ ಉಳಿದಿರುವ ಎಷ್ಟೋ ಜೀವಿಗಳು ಉಳಿದಿರುವುದು ನೆರಳು ಮರ ಬಿಟ್ಟುಕೊಂಡ ತೋಟದವರಿಂದಲೇ. ಹಲಸು, ಅತ್ತಿ, ಬೀಟೆ, ನಂದಿ ತೆಗೆದು ಬರೀ ಸಿಲ್ವರ್ ಓಕ್ ಹಾಕಿದ ತೋಟಕ್ಕೂ ಹಳೇ ಮರಗಳಿರುವ ತೋಟಕ್ಕೂ ವ್ಯತ್ಯಾಸ ಏನೆಂದು ತೋರಿಸಲು ತೋಟದ ದಾಖಲೆಯೇ ಬೇಕು. ಅದು ನಿಮ್ಮ ಪರವಾಗಿ ಮಾತಾಡುವ ದಾಖಲೆ.

ಹಳೇ ದಾಖಲೆ, ಹಳೇ ಡೈರಿ ಇದ್ದರೆ ಬೇಕಾ?

ತುಂಬಾ ಬೇಕು. ಹಾಸನ ಜಿಲ್ಲೆ ಈ ವಿಷಯದಲ್ಲಿ ಪುಣ್ಯ ಮಾಡಿದೆ. ಸಸ್ಯವಿಜ್ಞಾನಿಗಳಾದ ಸೆಸಿಲ್ ಸಲ್ಡಾನಾ ಮತ್ತು ಡಾನ್ ನಿಕೋಲ್ಸನ್ ಅವರ ಹಾಸನ ಜಿಲ್ಲೆಯ ಸಸ್ಯಗಳ ದೊಡ್ಡ ದಾಖಲೆ 1976ರಲ್ಲೇ ಬಂದಿದೆ. ಅದರ ಹಿಂದೆ ಒಣಗಿಸಿ, ಚೀಟಿ ಅಂಟಿಸಿ ಇಟ್ಟ ಗಿಡಗಳ ಮಾದರಿಗಳಿವೆ. ಆ ಗಿಡ ಅದೇನಾ ಅಂತ ಇವತ್ತೂ ಹೋಗಿ ನೋಡಬಹುದು.

ಸಾಕ್ಷಿ ಕಳೆದರೆ ಏನಾಗುತ್ತದೆ ಎನ್ನುವುದಕ್ಕೂ ಇಲ್ಲೇ ಉದಾಹರಣೆ ಇದೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಪುಟ್ಟ ಕಪ್ಪೆಯಿದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹರಿಯುವ ತೊರೆಯ ಕಲ್ಲಿನ ಮೇಲೆ ಕೂತು ಹಿಂಗಾಲನ್ನು ಚಾಚಿ ಬೀಸುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾಯರು 1937ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ರಾಯರು ಆಗ ಕೂಡಿಸಿಟ್ಟ ಮೂಲ ಮಾದರಿಗಳು ಆಮೇಲೆ ಕಳೆದುಹೋದವು. ಅವರು ಹೇಳಿದ ಕಪ್ಪೆ ಇದೇನಾ, ಅದೇನಾ ಎಂದು ಮುಂದಿನವರು ದಶಕಗಟ್ಟಲೆ ತಡಕಾಡಬೇಕಾಯಿತು.

ಹಳೇ ಚೀಟಿಗಳಲ್ಲಿ ಊರಿನ ಹೆಸರೂ ಬೇರೆ ಇರುತ್ತದೆ. ಕಡೂರು ಜಿಲ್ಲೆ ಅಂದರೆ ಈಗಿನ ಚಿಕ್ಕಮಗಳೂರು, ಮಂಜರಾಬಾದ್ ಅಂದರೆ ಈಗಿನ ಸಕಲೇಶಪುರ ತಾಲ್ಲೂಕು. ಬರೀ ಬಾಬಾಬುಡನ್ ಬೆಟ್ಟ ಅಂತ ಇದ್ದರೆ ಜಾಗ ಹಲವು ಕಿಲೋಮೀಟರ್ ಹೆಚ್ಚುಕಡಿಮೆ ಎಂದು ಪಕ್ಕದಲ್ಲಿ ಬರೆದೇ ಸೇರಿಸಬೇಕು.

ಕನ್ನಡದ ಕಡತಗಳಲ್ಲಿ ಇನ್ನೊಂದು ಕಷ್ಟ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಆಗಿರುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಎಸೆಯಬೇಡಿ, ಪರಿವರ್ತಿಸುವ ತಂತ್ರಾಂಶಗಳಿವೆ. ಆದರೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅಂಕಿಗಳನ್ನು ಒಬ್ಬರು ಕೂತು ಓದಿ ನೋಡಲೇಬೇಕು.

ಸಾಮಾನ್ಯವಾಗಿ ಕಾಣುವ ಪ್ರಾಣಿ ಹಕ್ಕಿಗಳನ್ನೂ ಬರೆಯಬೇಕಾ?

ಬರೆಯಿರಿ. ರಣಹದ್ದುಗಳು ಒಂದು ಕಾಲದಲ್ಲಿ ದನದ ಹೆಣ ಬಿದ್ದಲ್ಲೆಲ್ಲಾ ಕಾಣುತ್ತಿದ್ದವು, ಯಾರೂ ಲೆಕ್ಕ ಇಡಲಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಎಂಬ ನೋವಿನ ಔಷಧದಿಂದ ಬಿಳಿ ಬೆನ್ನಿನ ರಣಹದ್ದು 1990ರ ದಶಕದಿಂದ ಈಚೆಗೆ ಭಾರತದಲ್ಲಿ ಶೇಕಡಾ 99ಕ್ಕಿಂತ ಜಾಸ್ತಿ ಕಡಿಮೆಯಾಯಿತು. ಪಶುಗಳಿಗೆ ಆ ಔಷಧ ಕೊಡುವುದನ್ನು 2006ರಲ್ಲಿ ನಿಷೇಧಿಸುವ ಹೊತ್ತಿಗೆ ಹಕ್ಕಿ ಹೆಚ್ಚುಕಡಿಮೆ ಉಳಿದೇ ಇರಲಿಲ್ಲ. ಭದ್ರಾ ಕಾಡಿನಲ್ಲೂ 1980ರ ದಶಕದ ಕೊನೆಯಲ್ಲಿ ದನಗಳ ದೊಡ್ಡರೋಗ ಕಾಟಿಗಳಿಗೆ ತಗುಲಿ ತುಂಬಾ ಸತ್ತವು. ಆ ರೋಗ 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು, ಭದ್ರಾದಲ್ಲಿ ಇವತ್ತು ಕಾಟಿ ಮತ್ತೆ ಕಾಣುತ್ತದೆ. ಇಳಿದದ್ದನ್ನೂ ಏರಿದ್ದನ್ನೂ ಹೇಳಲು ಮೊದಲು ಎಷ್ಟಿತ್ತು ಅಂತ ಯಾರಾದರೂ ಬರೆದಿಟ್ಟಿರಬೇಕು.

ಹುಡುಕಿಕೊಂಡು ಹೋದೆ, ಸಿಗಲಿಲ್ಲ. ಅದೂ ದಾಖಲೆಯಾ?

ಹೌದು. ಎಷ್ಟು ಹೊತ್ತು ಹುಡುಕಿದಿರಿ, ಎಷ್ಟು ದೂರ ನಡೆದಿರಿ, ಯಾವ ಕಾಲ ಅಂತ ಬರೆದರೆ ಮಾತ್ರ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಕುರಿಂಜಿಯನ್ನು ನಡುವಿನ ವರ್ಷದಲ್ಲಿ ಹೂವು ನೋಡಿ ಗುರುತಿಸುತ್ತೇನೆ ಎಂದರೆ ಆಗುವುದಿಲ್ಲ.

ಹಿಡಿದು, ಕೈಯಲ್ಲಿಟ್ಟು ಫೋಟೋ ತೆಗೆಯಬಹುದಾ?

ಬೇಡ. ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ, ಮೊಟ್ಟೆ, ಗೂಡು ಕೆಡಿಸುವುದೂ ಅಷ್ಟೇ. ಅಭಯಾರಣ್ಯದ ಒಳಗೆ ಅಧ್ಯಯನಕ್ಕೆ ಹೋಗುವುದಕ್ಕೂ ಅನುಮತಿ ಬೇಕು. ರಸ್ತೆಯಿಂದ, ನಿಮ್ಮ ತೋಟದಿಂದ, ಊರ ಕೆರೆಯ ಏರಿಯಿಂದ ಕಾಣುವುದೇ ಬೇಕಾದಷ್ಟಿದೆ.

ಯಾವ ಸಾಫ್ಟ್‌ವೇರ್ ಒಳ್ಳೆಯದು?

ಎಕ್ಸೆಲ್‌ನಂಥ ಹಾಳೆ ಸಾಕು. ಹೆಸರುಗಳಿಗೆ ಒಂದು ಹಾಳೆ, ದರ್ಜೆಗಳಿಗೆ ಒಂದು, ಕಂಡ ದಾಖಲೆಗಳಿಗೆ ಒಂದು. ಪ್ರತಿ ಸಾಲಿಗೂ ಮುಂದೆಂದೂ ಬದಲಾಗದ ಒಂದು ಸಂಖ್ಯೆ. ಕಾಲಂಗಳಿಗೆ ಡಾರ್ವಿನ್ ಕೋರ್ ಎಂಬ ಜಾಗತಿಕ ಮಾದರಿಯ ಹೆಸರುಗಳನ್ನೇ ಇಟ್ಟರೆ ಮುಂದೆ ಬೇರೆ ದೊಡ್ಡ ದತ್ತಾಂಶದ ಜೊತೆ ಸೇರಿಸುವುದು ಸುಲಭ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ.

ಒಮ್ಮೆ ಮಾಡಿದ ಮೇಲೆ ಎಷ್ಟು ದಿನಕ್ಕೊಮ್ಮೆ ತಿದ್ದಬೇಕು?

ಪಟ್ಟಿ ಮಾಡಲು ಎಲ್ಲರಿಗೂ ಹುಮ್ಮಸ್ಸಿರುತ್ತದೆ. ಅದನ್ನು ನೋಡಿಕೊಳ್ಳಲು ಜನ ಸಿಗುವುದಿಲ್ಲ. ಆದರೆ ಪಟ್ಟಿ ಬದುಕುವುದು ಎರಡನೆಯದರಿಂದಲೇ.

ಕಾನೂನು ಬದಲಾಗುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೊದಲು ಆರು ಶೆಡ್ಯೂಲುಗಳಿದ್ದವು, ಈಗ ನಾಲ್ಕೇ. ಮೊದಲ ಎರಡು ಪ್ರಾಣಿಗಳಿಗೆ, ಮೂರನೆಯದು ಗಿಡಗಳಿಗೆ, ನಾಲ್ಕನೆಯದು ಸೈಟಿಸ್‌ಗೆ ಸಂಬಂಧಪಟ್ಟದ್ದು. ಹಿಂದೆ ಮೂರನೇ ಶೆಡ್ಯೂಲ್ ಅಂತ ಪ್ರಾಣಿಯ ಮುಂದೆ ಬರೆದದ್ದನ್ನು ಇವತ್ತು ಹಾಗೇ ಓದಿದರೆ ಅದು ಗಿಡ ಆಗಿಬಿಡುತ್ತದೆ. ಈಗಲೂ ಎಷ್ಟೋ ಫಲಕಗಳಲ್ಲಿ, ಪುಸ್ತಿಕೆಗಳಲ್ಲಿ ಹಳೇ ಸಂಖ್ಯೆಯೇ ಇದೆ.

ಕೆಂಪು ಪಟ್ಟಿ ಪ್ರತಿ ವರ್ಷ ಹೊಸದಾಗುತ್ತದೆ. ಹತ್ತು ವರ್ಷಕ್ಕಿಂತ ಹಳೆಯ ಅಂದಾಜಿಗೆ ಅವರೇ ಮರುಪರಿಶೀಲನೆ ಬೇಕು ಎಂದು ಗುರುತು ಹಾಕುತ್ತಾರೆ. ಒಂದು ಜೀವಿಯ ದರ್ಜೆ ಕೆಳಗಿಳಿದರೆ ಕೂಡಲೇ ಖುಷಿಪಡಬೇಡಿ, ಏರಿದರೆ ಕೂಡಲೇ ಗಾಬರಿಯಾಗಬೇಡಿ. ನಿಜವಾಗಿ ಸಂಖ್ಯೆ ಬದಲಾಗಿರಬಹುದು, ಇಲ್ಲವೇ ಮಾಹಿತಿ ಮಾತ್ರ ಸುಧಾರಿಸಿರಬಹುದು, ಇಲ್ಲವೇ ಕಾಳಿಂಗದ ಹಾಗೆ ಜಾತಿಯೇ ಒಡೆದಿರಬಹುದು. ಕಾರಣವನ್ನೂ ಬರೆದಿಡಬೇಕು. ಹಳೇ ದರ್ಜೆ ಅಳಿಸದೆ ಅದರ ಕೆಳಗೆ ಹೊಸದನ್ನು ಸೇರಿಸಬೇಕು.

ಹಾಗಾಗಿ ವರ್ಷಕ್ಕೆ ಒಮ್ಮೆ ದರ್ಜೆಗಳ ಹಾಳೆಯನ್ನು ಪೂರ್ತಿ ನೋಡಿ. ಕಂಡ ದಾಖಲೆಗಳನ್ನು ತಿಂಗಳಿಗೊಮ್ಮೆ ಸೇರಿಸಿ, ಒಂದೇ ಹುಲಿಯ ಒಂದೇ ದಿನದ ಫೋಟೋ ನಾಲ್ಕು ಜನರಿಂದ ಬಂದಿದ್ದರೆ ಜೋಡಿಸಿ. ಕೀಲಿ ಇಬ್ಬರ ಹತ್ತಿರ ಇರಲಿ. ಪಟ್ಟಿ ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಪಾಸ್‌ವರ್ಡ್ ಅವನ ಜೊತೆ ಹೋಗುವುದು ಎಲ್ಲಾ ಕಡೆ ನಡೆಯುವ ಕತೆ.

ನಮ್ಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೂ ಇದಕ್ಕೂ ಸಂಬಂಧ ಇದೆಯಾ?

ಇರಬೇಕು. ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ನಿಮ್ಮ ಪಂಚಾಯಿತಿಯ ಪುಸ್ತಕ ಕೇಳಿ ನೋಡಿ. ಅದರಲ್ಲಿ ಹೆಸರುಗಳ ಸಾಲು ಮಾತ್ರ ಇದ್ದು, ಯಾರು ಯಾವಾಗ ಎಲ್ಲಿ ನೋಡಿದರು ಎಂದು ಇಲ್ಲದಿದ್ದರೆ ನಮ್ಮ ದಾಖಲೆಯಿಂದ ಅದನ್ನು ತುಂಬಿಸಬಹುದು. ಸಮಿತಿಯಲ್ಲಿ ನಾಟಿ ವೈದ್ಯರು, ಮೀನು ಹಿಡಿಯುವವರು, ದನ ಮೇಯಿಸುವವರು ಇದ್ದರೆ ಇನ್ನೂ ಒಳ್ಳೆಯದು.

ಪಟ್ಟಿಯಲ್ಲಿ ತಪ್ಪು ಕಂಡರೆ?

ಸಾಲಿನ ಸಂಖ್ಯೆ, ಏನು ತಪ್ಪು, ಯಾಕೆ ಅಂತ ಬರೆದು ಕಳಿಸಿ. ತಿದ್ದಿದವರ ಹೆಸರು, ತಾರೀಖು, ಕಾರಣ ಅಲ್ಲೇ ಉಳಿಯುತ್ತದೆ. ತಿರಸ್ಕರಿಸಿದ ದಾಖಲೆಯನ್ನೂ ಅಳಿಸುವುದಿಲ್ಲ, ಒಪ್ಪಿಲ್ಲ ಎಂದು ಗುರುತು ಹಾಕಿ ಇಡುತ್ತೇವೆ.

ಈಗ ಯಾವುದರ ದಾಖಲೆ ಕಡಿಮೆ ಇದೆ? ಎಲ್ಲಿಂದ ಶುರು ಮಾಡಲಿ?

ಹುಲಿ, ಆನೆಯ ಫೋಟೋ ಎಲ್ಲರೂ ಕಳಿಸುತ್ತಾರೆ. ಕಪ್ಪೆ, ಮೀನು, ಹುಲ್ಲು, ತೊರೆಯ ಪಕ್ಕದ ಗಿಡಗಳ ದಾಖಲೆ ತೀರಾ ಕಡಿಮೆ. ಜಗತ್ತಿನ ಕಪ್ಪೆ ಬಳಗದಲ್ಲಿ ಶೇಕಡಾ 41 ಜಾತಿಗಳು ಅಪಾಯದಲ್ಲಿವೆ ಎಂದು 2023ರ ಅಂದಾಜು ಹೇಳುತ್ತದೆ, ಹಕ್ಕಿ, ಸಸ್ತನಿಗಳಿಗಿಂತ ಅದು ಬಹಳ ಜಾಸ್ತಿ. ಮಲೆನಾಡಿನಲ್ಲಿದ್ದರೆ ಮುಂಗಾರು ಹಿಡಿದ ಮೇಲೆ ರಾತ್ರಿ ಮನೆಯ ಹತ್ತಿರದ ಹಳ್ಳದ ಪಕ್ಕ ಕೂತು ಮೊಬೈಲಿನಲ್ಲಿ ಕೂಗು ರೆಕಾರ್ಡ್ ಮಾಡಿ. ಕಪ್ಪೆಯನ್ನು ಕೂಗಿನಿಂದಲೇ ಗುರುತಿಸುವವರಿದ್ದಾರೆ. ಬಯಲುಸೀಮೆಯಲ್ಲಿದ್ದರೆ ಕಾವಲುಗಳ ಹುಲ್ಲು ನೋಡಿ, ತೋಳದ ಓಡಾಟ ಕುರಿಗಾಹಿಗಳಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ. ಹೇಮಾವತಿ ದಡದವರು ಬಲೆಗೆ ಬಿದ್ದ ಮೀನನ್ನು ಮಾರುವ ಮೊದಲು ಪಕ್ಕದಿಂದ ಒಂದು ಫೋಟೋ ತೆಗೆದುಕೊಡುವಂತೆ ಮೀನುಗಾರರಿಗೆ ಹೇಳಿ. ಕಂಡವರ ಕಾಲಂನಲ್ಲಿ, ಅವರು ಒಪ್ಪಿದರೆ, ಅವರ ಹೆಸರನ್ನೇ ಬರೆಯಿರಿ, ನಿಮ್ಮದನ್ನಲ್ಲ.